ದುಃಖ, ಎಚ್ಚರ, ಬಿಡುಗಡೆ: ಬುದ್ಧನ ಬೋಧನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಧ್ಯಾನಕ್ಕೆ ಹೊಸದಾಗಿ ಕೂತವರು, ಕೂರಬೇಕು ಎಂದುಕೊಂಡೇ ವರ್ಷ ಕಳೆದವರು, ಕೂತು ಬೇಸತ್ತು ಎದ್ದವರು, ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಇಲ್ಲಿನ ಉತ್ತರಗಳು ಬಹುಪಾಲು ಪಾಲಿ ಸುತ್ತಗಳನ್ನು, ಅಂದರೆ ಪಾಲಿ ಭಾಷೆಯಲ್ಲಿ ಉಳಿದುಬಂದ ಬುದ್ಧನ ಉಪದೇಶಗಳನ್ನು, ಆಧರಿಸಿವೆ. ಝೆನ್ ಮತ್ತು ಟಿಬೆಟಿನ ಪರಂಪರೆಗಳಿಗೆ ಅವುಗಳದೇ ದಾರಿಯಿದೆ, ಅದರ ಚರ್ಚೆ ಇಲ್ಲಿಲ್ಲ.

‘ಬದುಕೆಲ್ಲಾ ದುಃಖ’ ಅಂತ ಬುದ್ಧ ಹೇಳಿದ್ದು ನಿಜವಾ?

ಅಷ್ಟು ಸಲೀಸಾಗಿ ಹೇಳಲಿಲ್ಲ. ವಾರಾಣಸಿ ಹತ್ತಿರದ ಇಸಿಪತನದಲ್ಲಿ, ಅಂದರೆ ಇಂದಿನ ಸಾರನಾಥದಲ್ಲಿ, ತನ್ನ ಐವರು ಹಳೆಯ ಸಂಗಾತಿಗಳಿಗೆ ಮಾಡಿದ ಮೊದಲ ಉಪದೇಶದಲ್ಲಿ ಅವನು ದುಃಖವನ್ನು ಬಿಡಿಬಿಡಿಯಾಗಿ ಎಣಿಸಿದ. ಹುಟ್ಟು, ಮುಪ್ಪು, ಸಾವು. ಬೇಡದ್ದರ ಜೊತೆ ಇರಬೇಕಾಗುವುದು, ಬೇಕಾದ್ದನ್ನು ಅಗಲಬೇಕಾಗುವುದು, ಬಯಸಿದ್ದು ಸಿಗದಿರುವುದು. ಕೊನೆಗೆ ಒಂದು ಮಾತು: ಚುಟುಕಾಗಿ ಹೇಳುವುದಾದರೆ, ‘ನಾನು’ ಎಂದು ನಾವು ಅಪ್ಪಿ ಹಿಡಿದ ದೇಹ, ವೇದನೆ (ಹಿತ-ಅಹಿತದ ಅನಿಸಿಕೆ), ಸಂಜ್ಞೆ (ಗುರುತಿಸುವಿಕೆ), ಸಂಸ್ಕಾರ (ಮನಸ್ಸಿನ ಪ್ರವೃತ್ತಿಗಳು), ವಿಜ್ಞಾನ (ಅರಿವು) ಎಂಬ ಐದು ಕಂತೆಗಳೇ ದುಃಖ.

ಸುಖ ಎಂಬುದು ಇಲ್ಲವೇ ಇಲ್ಲ ಎಂದು ಅವನು ಎಲ್ಲೂ ವಾದಿಸುವುದಿಲ್ಲ. ಲೋಕದಲ್ಲಿ ಸವಿಯೇ ಇರದಿದ್ದರೆ ಯಾರೂ ಅದಕ್ಕೆ ಅಂಟಿಕೊಳ್ಳುತ್ತಿರಲಿಲ್ಲ ಎಂಬ ಮಾತು ಸುತ್ತಗಳಲ್ಲೇ ಇದೆ. ದುಃಖದಲ್ಲಿ ಮೂರು ಬಗೆ ಹೇಳುತ್ತಾರೆ. ಹಲ್ಲುನೋವಿನಂಥ ನೇರ ದುಃಖ ಮೊದಲನೆಯದು. ಸುಖವಾಗಿದ್ದದ್ದು ಬದಲಾಗುವುದರಿಂದ ಬರುವ ದುಃಖ ಎರಡನೆಯದು. ಕಾರಣಗಳಿಂದ ಕಟ್ಟಿಕೊಂಡ ಯಾವುದೂ ನೆಚ್ಚಿ ಒರಗುವಷ್ಟು ಗಟ್ಟಿಯಲ್ಲ ಎಂಬ ಒಳಗಿನ ಅಸ್ಥಿರತೆ ಮೂರನೆಯದು. ನಮ್ಮ ದಿನನಿತ್ಯದ ಕಿರಿಕಿರಿಯೆಲ್ಲ ಎರಡನೆಯದರ ಖಾತೆಗೇ ಹೋಗುತ್ತದೆ. ರಜೆಯ ಕೊನೆಯ ದಿನ ಬೆಳಿಗ್ಗೆ ಎದ್ದಾಗಿನ ಮನಸ್ಸನ್ನು ನೆನಪಿಸಿಕೊಳ್ಳಿ: ರಜೆ ಇನ್ನೂ ಮುಗಿದಿಲ್ಲ, ದುಃಖ ಆಗಲೇ ಬಂದು ಕೂತಿದೆ.

ಇನ್ನೊಂದು ಸಂಗತಿ. ನಾಲ್ಕು ಆರ್ಯಸತ್ಯಗಳನ್ನು ನಾಲ್ಕು ನಂಬಿಕೆಗಳ ಹಾಗೆ ಬಾಯಿಪಾಠ ಮಾಡಿಸುವುದುಂಟು. ಆದರೆ ಅದೇ ಮೊದಲ ಉಪದೇಶದಲ್ಲಿ ಪ್ರತಿ ಸತ್ಯಕ್ಕೂ ಒಂದು ಕೆಲಸ ಹಚ್ಚಲಾಗಿದೆ: ದುಃಖವನ್ನು ಪೂರ್ತಿ ಅರಿಯಬೇಕು, ಅದರ ಮೂಲವನ್ನು ಬಿಡಬೇಕು, ಅದರ ನಿಲುಗಡೆಯನ್ನು ಸ್ವತಃ ಕಾಣಬೇಕು, ಮಾರ್ಗವನ್ನು ಬೆಳೆಸಿಕೊಳ್ಳಬೇಕು. ನಾವು ಸಾಮಾನ್ಯವಾಗಿ ಮಾಡುವುದು ತಿರುಗಾ ಮುರುಗಾ. ದುಃಖವನ್ನು ಬಿಡಲು ಹೊರಡುತ್ತೇವೆ, ಅದರ ಮೂಲವನ್ನು ಜೋಪಾನ ಮಾಡುತ್ತೇವೆ.

‘ಆಸೆಯೇ ದುಃಖಕ್ಕೆ ಮೂಲ’ ಅಂತಾರಲ್ಲ. ಆಸೆಯೇ ಇಲ್ಲದಿದ್ದರೆ ಬೆಳಿಗ್ಗೆ ಹಾಸಿಗೆಯಿಂದ ಏಳೋದಾದರೂ ಯಾಕೆ?

ಈ ಪ್ರಶ್ನೆ ಬುದ್ಧನ ಕಾಲದಲ್ಲೇ ಬಂದಿತ್ತು. ಕೌಶಾಂಬಿಯ ಘೋಷಿತಾರಾಮ ಎಂಬ ವಿಹಾರದಲ್ಲಿ ಉಣ್ಣಾಭ ಎಂಬ ಬ್ರಾಹ್ಮಣ ಬುದ್ಧನ ಶಿಷ್ಯ ಆನಂದನನ್ನು ಹೀಗೆ ಸಿಕ್ಕಿಸಲು ನೋಡುತ್ತಾನೆ: ಬಯಕೆಯನ್ನು ಬಿಡುವುದಕ್ಕೂ ಬಯಕೆಯೇ ಬೇಕು ಅನ್ನುತ್ತೀರಿ, ಹಾಗಾದರೆ ಇದಕ್ಕೆ ಕೊನೆ ಎಲ್ಲಿ? ಆನಂದ ತಿರುಗಿ ಕೇಳಿದ, ‘ಈ ವಿಹಾರಕ್ಕೆ ಬರಬೇಕೆಂಬ ಬಯಕೆ ನಿಮಗೆ ಮೊದಲು ಇತ್ತಲ್ಲ? ಬಂದು ತಲುಪಿದ ಮೇಲೆ ಅದು ಏನಾಯಿತು?’ ‘ಶಮನವಾಯಿತು.’ ಅಲ್ಲಿಗೆ ಮಾತು ಮುಗಿಯಿತು.

ಸುತ್ತಗಳು ‘ಛಂದ’ ಎನ್ನುವುದು ಒಳ್ಳೆಯದನ್ನು ಮಾಡಬೇಕೆಂಬ ಹುಮ್ಮಸ್ಸನ್ನೂ ಒಳಗೊಂಡ ಮಾತು. ಸಾಧನೆಗೆ ಅದು ಬೇಕು. ದುಃಖದ ಮೂಲ ಎಂದು ಬೊಟ್ಟು ಮಾಡುವುದು ‘ತಣ್ಹಾ’ವನ್ನು, ಅಂದರೆ ತೃಷ್ಣೆಯನ್ನು. ಅದಕ್ಕೆ ಮೂರು ಮುಖ: ಇಂದ್ರಿಯಸುಖ ಬೇಕು ಎಂಬುದು, ಏನೋ ಆಗಬೇಕು, ಆಗಿಯೇ ಇರಬೇಕು ಎಂಬುದು, ಇದು ಇರಲೇಬಾರದು, ತೊಲಗಬೇಕು ಎಂಬುದು. ಮೂರನೆಯದನ್ನು ನಾವು ಆಸೆ ಎಂದು ಗುರುತಿಸುವುದೇ ಇಲ್ಲ. ‘ನನಗೇನೂ ಆಸೆ ಇಲ್ಲಪ್ಪ, ಇದೆಲ್ಲ ಮುಗಿದರೆ ಸಾಕು’ ಅನ್ನುವವರ ಎದೆಯಲ್ಲಿ ಉರಿಯುತ್ತಿರುವುದು ಅದೇ.

ಬರೀ ನೋಡುತ್ತಾ ಕೂತರೆ ದುಃಖ ಹೇಗೆ ಕಡಿಮೆ ಆಗುತ್ತೆ?

ಇಡೀ ಬೋಧನೆ ನಿಂತಿರುವುದು ಈ ಪ್ರಶ್ನೆಯ ಮೇಲೆ ಎಂದು ನನಗನ್ನಿಸುತ್ತದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ದುಃಖ ಹುಟ್ಟುವ ಬಗೆಯನ್ನು ಹೇಳುವ, ಪ್ರತೀತ್ಯಸಮುತ್ಪಾದ ಎಂಬ ಹನ್ನೆರಡು ಕೊಂಡಿಗಳ ಸರಪಳಿಯ ನಡುಭಾಗ ಹೀಗಿದೆ: ಸ್ಪರ್ಶದಿಂದ ವೇದನೆ, ವೇದನೆಯಿಂದ ತೃಷ್ಣೆ, ತೃಷ್ಣೆಯಿಂದ ಉಪಾದಾನ, ಅಂದರೆ ಬಿಗಿ ಹಿಡಿತ. ಇಲ್ಲಿ ವೇದನೆ ಎಂದರೆ ನೋವು ಮಾತ್ರ ಅಲ್ಲ. ಹಿತ, ಅಹಿತ, ಎರಡೂ ಅಲ್ಲದ್ದು, ಮೂರೂ ವೇದನೆಗಳೇ. ಕಿವಿಗೆ ಸದ್ದು ತಾಕುವುದನ್ನು ನಾವು ತಡೆಯಲಾರೆವು. ತಾಕಿದ ಮೇಲೆ ಹಿತವೋ ಅಹಿತವೋ ಅನ್ನಿಸುವುದನ್ನೂ ತಡೆಯಲಾರೆವು. ಆದರೆ ಅಹಿತ ಎನ್ನಿಸಿದ್ದು ‘ಇದು ತೊಲಗಲಿ’ ಆಗಿ ತಿರುಗುವ ಜಾಗದಲ್ಲಿ ಸರಪಳಿ ಸಡಿಲವಾಗಿದೆ. ಎಚ್ಚರ ಕೆಲಸ ಮಾಡುವುದು ಅಲ್ಲಿ.

ಹತ್ತಿರದಿಂದ ನೋಡೋಣ. ನೀವು ಕಳಿಸಿದ ಸಂದೇಶವನ್ನು ಅವರು ಓದಿದ್ದಾರೆ. ಎರಡು ನೀಲಿ ಗೀಟು ಕಾಣುತ್ತಿವೆ. ಉತ್ತರ ಬಂದಿಲ್ಲ. ಕಣ್ಣಿಗೆ ಬಿದ್ದದ್ದು ಇಷ್ಟೇ. ಮರುಕ್ಷಣ ಎದೆಯ ನಡುವೆ ಒಂದು ಬಿಗಿತ, ಮುಖದಲ್ಲಿ ಸ್ವಲ್ಪ ಬಿಸಿ. ಅದು ಅಹಿತ ವೇದನೆ. ಅದನ್ನು ಗಮನಿಸದಿದ್ದರೆ ಕಥೆ ಶುರು: ಬೇಕೆಂದೇ ಉತ್ತರ ಕೊಡುತ್ತಿಲ್ಲ, ಅವತ್ತೂ ಹೀಗೇ ಮಾಡಿದ್ದರು, ಇನ್ನು ನಾನೂ ಮಾತಾಡಲ್ಲ. ಹತ್ತು ನಿಮಿಷದಲ್ಲಿ ಒಂದು ಸಂಬಂಧದ ವಿಚಾರಣೆ ನಡೆದು ತೀರ್ಪೂ ಬಂದಿರುತ್ತದೆ, ಆರೋಪಿಗೆ ಸುದ್ದಿಯೇ ಇಲ್ಲ. ಅದೇ ಬಿಗಿತವನ್ನು ಬಿಗಿತವಾಗಿಯೇ ಗಮನಿಸಿದರೆ? ಅದು ತುಸು ಹೆಚ್ಚುತ್ತದೆ, ಅಲುಗಾಡುತ್ತದೆ, ಇಳಿಯುತ್ತದೆ. ಕಥೆ ಬರಲು ನೋಡುತ್ತದೆ, ಆದರೆ ಅದಕ್ಕೆ ಉರುವಲು ಸಾಲದು. ಉತ್ತರ ಇನ್ನೂ ಬಂದಿಲ್ಲ. ನಿಮಗೆ ಮಾತ್ರ ಈಗ ಬೇರೆ ಕೆಲಸ ಮಾಡಲು ಆಗುತ್ತದೆ.

ಮೂರನೆಯ ವೇದನೆಯ ಬಗ್ಗೆಯೂ ಒಂದು ಮಾತು. ಭಿಕ್ಷುಣಿ ಧಮ್ಮದಿನ್ನಾ, ಹಿಂದೆ ತನ್ನ ಗಂಡನಾಗಿದ್ದ ವಿಶಾಖನಿಗೆ ಇದನ್ನು ಚೊಕ್ಕವಾಗಿ ವಿವರಿಸುತ್ತಾಳೆ: ಹಿತವೇದನೆಯ ಅಡಿಯಲ್ಲಿ ರಾಗ ಮಲಗಿರುತ್ತದೆ, ಅಹಿತದ ಅಡಿಯಲ್ಲಿ ದ್ವೇಷ, ಎರಡೂ ಅಲ್ಲದ್ದರ ಅಡಿಯಲ್ಲಿ ಅವಿದ್ಯೆ. ಏನೂ ಅನ್ನಿಸದ ಹೊತ್ತಿನಲ್ಲೇ ಕೈ ತಾನಾಗಿ ಫೋನಿನ ಕಡೆ ಹೋಗುವುದು. ತೆರೆದದ್ದು ಯಾಕೆ ಎಂದು ಕೇಳಿದರೆ ನಮಗೇ ಗೊತ್ತಿರುವುದಿಲ್ಲ.

ಹಾಗಾದರೆ ನೋವೇ ಹೋಗಿಬಿಡುತ್ತಾ?

ಇಲ್ಲ. ಇದಕ್ಕೆ ಬುದ್ಧ ಕೊಟ್ಟ ಎರಡು ಬಾಣಗಳ ಉಪಮೆ ಹೆಸರುವಾಸಿ. ಕಲಿಯದ ಮನುಷ್ಯನಿಗೆ ನೋವು ತಾಕಿದಾಗ ಅವನು ಗೋಳಾಡುತ್ತಾನೆ, ಎದೆ ಬಡಿದುಕೊಳ್ಳುತ್ತಾನೆ. ಒಂದು ಬಾಣ ನಾಟಿದವನಿಗೆ ಎರಡನೆಯದೂ ನಾಟಿದ ಹಾಗೆ. ಕಲಿತವನಿಗೂ ಮೊದಲ ಬಾಣ ನಾಟುತ್ತದೆ. ಎರಡನೆಯದು ನಾಟುವುದಿಲ್ಲ.

ಸ್ವತಃ ಬುದ್ಧನಿಗೂ ಮೈಕೈ ನೋವು ತಪ್ಪಲಿಲ್ಲ. ಬೆನ್ನು ನೋಯುತ್ತಿದೆ, ಸ್ವಲ್ಪ ಚಾಚಿಕೊಳ್ಳುತ್ತೇನೆ ಎಂದು ಉಪದೇಶವನ್ನು ಶಿಷ್ಯರಿಗೆ ಒಪ್ಪಿಸಿ ಮಲಗಿದ ಪ್ರಸಂಗಗಳು ಒಂದಕ್ಕಿಂತ ಹೆಚ್ಚು ಸುತ್ತಗಳಲ್ಲಿವೆ. ಧ್ಯಾನ ಮಾಡಿದರೆ ಕಾಯಿಲೆಯೇ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಈ ಬೆನ್ನುನೋವನ್ನು ಅವರಿಗೆ ನೆನಪಿಸಿ.

ಈಗಿನ ಮೈಂಡ್‌ಫುಲ್‌ನೆಸ್ ತರಗತಿಗಳಲ್ಲಿ ಕಲಿಸೋದೂ ಇದನ್ನೇನಾ?

ಬೇರು ಅದೇ, ಗುರಿ ಬೇರೆ. 1979ರಲ್ಲಿ ಜಾನ್ ಕಬಾಟ್-ಜಿನ್ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಒತ್ತಡ ತಗ್ಗಿಸುವ ಕಾರ್ಯಕ್ರಮ ಶುರುಮಾಡಿದರು. ಔಷಧದಿಂದ ಪೂರ್ತಿ ಗುಣವಾಗದ, ಬಹುಕಾಲದ ನೋವಿನಿಂದ ನರಳುತ್ತಿದ್ದವರು ಅಲ್ಲಿಗೆ ಬಂದರು. ಎಂಟು ವಾರಗಳ ಆ ಪಠ್ಯಕ್ರಮ ಬೌದ್ಧ ಸಾಧನೆಯಿಂದಲೇ ಬಂದದ್ದು. ಧರ್ಮದ ಪರಿಭಾಷೆಯನ್ನು ಬೇಕೆಂದೇ ಬದಿಗಿಟ್ಟರು. ಜನರಿಗೆ ಅದರಿಂದ ಉಪಕಾರವಾಗಿದೆ, ಅದನ್ನು ಹೀಗಳೆಯಬೇಕಿಲ್ಲ.

ಆದರೆ ಕೆಲಸದ ಹೊರೆ ಹಾಗೇ ಇಟ್ಟು, ಅದನ್ನು ಹೊರುವವರಿಗೆ ಉಸಿರಾಟ ಕಲಿಸಿ ಕಳಿಸುವ ಕಡೆ ನನಗೆ ತಕರಾರಿದೆ. ಬುದ್ಧನ ಅಷ್ಟಾಂಗ ಮಾರ್ಗದಲ್ಲಿ ಸಮ್ಯಕ್ ಸ್ಮೃತಿ, ಅಂದರೆ ಸರಿಯಾದ ಎಚ್ಚರ, ಏಳನೆಯ ಅಂಗ. ಅದಕ್ಕೂ ಮೊದಲು ಸರಿಯಾದ ದೃಷ್ಟಿ, ಸಂಕಲ್ಪ, ಮಾತು, ನಡತೆ, ಜೀವನೋಪಾಯ, ಪ್ರಯತ್ನ ಇವೆ. ಹೊಟ್ಟೆಪಾಡಿಗೆ ಏನು ಮಾಡುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂದಾಯಿತು. ಸುತ್ತಗಳು ‘ಮಿಥ್ಯಾ ಸ್ಮೃತಿ’ಯನ್ನೂ ಹೆಸರಿಸುತ್ತವೆ. ಕನ್ನ ಹಾಕುವವನಿಗೂ ಮೈಯೆಲ್ಲ ಕಣ್ಣಾಗಿರುತ್ತದೆ, ಅವನ ಏಕಾಗ್ರತೆ ನಮಗಿಂತ ಚೆನ್ನಾಗಿಯೇ ಇರಬಹುದು.

ಶೀಲ, ಪಂಚಶೀಲ ಎಲ್ಲ ಇಲ್ಲದೆ ಬರೀ ಧ್ಯಾನ ಮಾಡಬಾರದಾ?

ಮಾಡಬಹುದು, ಕೂರುವುದೇ ಕಷ್ಟವಾಗುತ್ತದೆ ಅಷ್ಟೆ. ಸಂಜೆ ಒಬ್ಬರಿಗೆ ಸುಳ್ಳು ಹೇಳಿ ಬಂದು ರಾತ್ರಿ ಕಣ್ಣು ಮುಚ್ಚಿ ಕೂತು ನೋಡಿ. ಸುಳ್ಳನ್ನು ಹೊಂದಿಸುವ ಕೆಲಸ ಒಳಗೆ ನಡೆಯುತ್ತಲೇ ಇರುತ್ತದೆ.

ಕೂತು ನಿರ್ದಿಷ್ಟವಾಗಿ ಏನು ಮಾಡಬೇಕು?

ಉಸಿರಿನಿಂದ ಶುರುಮಾಡಿ. ಆನಾಪಾನಸತಿ ಸುತ್ತ ಹೇಳುವುದು ಇಷ್ಟು ಸರಳ: ಕಾಡಿಗೋ ಮರದಡಿಗೋ ಖಾಲಿ ಜಾಗಕ್ಕೋ ಹೋಗಿ, ಕಾಲು ಮಡಚಿ, ಮೈ ನೆಟ್ಟಗೆ ಮಾಡಿ ಕೂತು, ಎಚ್ಚರದಿಂದ ಉಸಿರು ಒಳಗೆಳೆದುಕೊಳ್ಳುತ್ತಾನೆ, ಎಚ್ಚರದಿಂದ ಹೊರಬಿಡುತ್ತಾನೆ. ಉದ್ದ ಉಸಿರಾದರೆ ಉದ್ದ ಎಂದು ತಿಳಿಯುತ್ತಾನೆ, ಗಿಡ್ಡವಾದರೆ ಗಿಡ್ಡ ಎಂದು. ಉಸಿರನ್ನು ಬದಲಿಸು ಎಂದು ಈ ಮೊದಲ ಹೆಜ್ಜೆಗಳಲ್ಲಿ ಎಲ್ಲೂ ಇಲ್ಲ. ಪ್ರಾಣಾಯಾಮ ಕಲಿತವರಿಗೆ ಇದೇ ಕಷ್ಟ, ಕೈ ಸುಮ್ಮನಿರುವುದಿಲ್ಲ. ಮುಂದೆ ಹದಿನಾರು ಹೆಜ್ಜೆಗಳವರೆಗೆ ಸುತ್ತ ಬೆಳೆಯುತ್ತದೆ: ದೇಹ, ವೇದನೆ, ಚಿತ್ತ, ಕೊನೆಗೆ ಎಲ್ಲದರ ಅನಿತ್ಯತೆ. ಮೊದಲ ಎರಡು ಹೆಜ್ಜೆಗಳಲ್ಲೇ ತಿಂಗಳುಗಟ್ಟಲೆ ಕಳೆದರೂ ನಷ್ಟವಿಲ್ಲ.

ಮೂಗಿನ ಹೊಳ್ಳೆಯ ಹತ್ತಿರ ಗಮನಿಸಬೇಕೋ ಹೊಟ್ಟೆಯ ಏರಿಳಿತವನ್ನೋ ಎಂಬ ಜಗಳ ಬೇಡ. ವಿಪಶ್ಯನ ಶಿಬಿರಗಳ ಗೋಯೆಂಕಾ ಅವರ ಪರಂಪರೆ ಮೊದಲನೆಯದನ್ನು ಹೇಳುತ್ತದೆ, ಬರ್ಮಾದ ಮಹಾಸಿ ಸಯಾಡೊ ಅವರ ಪರಂಪರೆ ಎರಡನೆಯದನ್ನು. ಒಂದನ್ನು ಹಿಡಿದು ಅದರಲ್ಲೇ ಇರಿ.

ನಾಲ್ಕು ಸತಿಪಟ್ಠಾನ ಅಂದರೆ?

ಎಚ್ಚರವನ್ನು ಊರಬೇಕಾದ ನಾಲ್ಕು ನೆಲೆಗಳು: ಕಾಯ, ವೇದನೆ, ಚಿತ್ತ, ಧಮ್ಮ (ಬೋಧನೆ ಹೆಸರಿಸುವ ಅಂಶಗಳು). ಕುರುಗಳ ನಾಡಿನ ಕಮ್ಮಾಸಧಮ್ಮ ಎಂಬ ಊರಿನಲ್ಲಿ ಹೇಳಿದ ಸತಿಪಟ್ಠಾನ ಸುತ್ತದಲ್ಲಿ ಇದರ ವಿವರ ಬರುತ್ತದೆ. ಕಾಯದ ಭಾಗ ಬಹಳ ಪ್ರಾಯೋಗಿಕವಾಗಿದೆ. ಮುಂದೆ ಹೋಗುವಾಗ, ಹಿಂದೆ ಬರುವಾಗ, ಕೈ ಮಡಚುವಾಗ, ಉಣ್ಣುವಾಗ, ಅಗಿಯುವಾಗ, ಮಾತಾಡುವಾಗ, ಸುಮ್ಮನಿರುವಾಗ, ಮಲಮೂತ್ರ ವಿಸರ್ಜನೆಯಲ್ಲೂ ಸಹ ತಿಳಿದು ಮಾಡುತ್ತಾನೆ ಎನ್ನುತ್ತದೆ. ಯಾವ ಹೊತ್ತನ್ನೂ ಹೊರಗಿಟ್ಟಿಲ್ಲ. ಚಿತ್ತದ ಭಾಗದಲ್ಲಿ ರಾಗ ತುಂಬಿದ ಚಿತ್ತವನ್ನು ರಾಗ ತುಂಬಿದ್ದು ಎಂದು ತಿಳಿಯುತ್ತಾನೆ, ಚದುರಿದ್ದನ್ನು ಚದುರಿದ್ದು ಎಂದು. ಧಮ್ಮದ ಭಾಗದಲ್ಲಿ ಐದು ಅಡ್ಡಿಗಳು, ಐದು ಕಂತೆಗಳು, ಏಳು ಬೋಧ್ಯಂಗಗಳು (ಬೋಧಿಗೆ ಒಯ್ಯುವ ಗುಣಗಳು), ನಾಲ್ಕು ಸತ್ಯಗಳು ಬರುತ್ತವೆ. ಅದು ಹೊಸಬರಿಗೆ ಭಾರ ಎನಿಸಬಹುದು, ಆಮೇಲೆ ನೋಡಿಕೊಂಡರಾಯಿತು.

ಮನಸ್ಸು ಒಂದು ಕ್ಷಣವೂ ನಿಲ್ಲಲ್ಲ. ನನಗೆ ಇದು ಆಗಿಬರಲ್ಲ ಅನ್ಸುತ್ತೆ.

ಮನಸ್ಸು ಓಡಿದ್ದು ಗೊತ್ತಾಯಿತಲ್ಲ, ಗೊತ್ತಾದ ಆ ಕ್ಷಣವೇ ಎಚ್ಚರ. ಅದನ್ನು ಸೋಲು ಎಂದು ಬರೆದುಕೊಂಡರೆ ಮುಂದಿನ ಸಲ ಮನಸ್ಸು ಎಚ್ಚರಗೊಳ್ಳಲು ಹಿಂಜರಿಯುತ್ತದೆ.

ಹಟ ಹಿಡಿದು ಕಾಡುವ ಯೋಚನೆಗಳಿಗೆ ವಿತಕ್ಕಸಂಠಾನ ಸುತ್ತದಲ್ಲಿ ಐದು ಉಪಾಯಗಳಿವೆ, ಒಂದು ಕೈಕೊಟ್ಟರೆ ಇನ್ನೊಂದು. ಮನಸ್ಸನ್ನು ಬೇರೆ ಒಳ್ಳೆಯ ವಿಷಯಕ್ಕೆ ತಿರುಗಿಸುವುದು. ಆ ಯೋಚನೆಯ ಕೇಡನ್ನು ಎಣಿಸುವುದು. ಅದಕ್ಕೆ ಗಮನ ಕೊಡದೆ ಬಿಡುವುದು. ಅದು ಎಲ್ಲಿಂದ ಹುಟ್ಟಿತು ಎಂದು ಹಿಂದಕ್ಕೆ ಹೋಗುತ್ತಾ ಹಂತಹಂತವಾಗಿ ಶಮನ ಮಾಡುವುದು. ವೇಗವಾಗಿ ನಡೆಯುತ್ತಿದ್ದವನು ಯಾಕಿಷ್ಟು ಅವಸರ ಎಂದುಕೊಂಡು ನಿಧಾನವಾಗಿ, ಆಮೇಲೆ ನಿಂತು, ಕೂತು, ಮಲಗುವ ಹಾಗೆ. ಯಾವುದೂ ನಡೆಯದಿದ್ದರೆ ಹಲ್ಲು ಕಚ್ಚಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಮನಸ್ಸಿನಿಂದಲೇ ಮನಸ್ಸನ್ನು ಅದುಮುವುದು. ಈ ಐದನೆಯದನ್ನು ಕೊನೆಗೆ ಇಟ್ಟಿದ್ದಾರೆ, ನಮ್ಮಲ್ಲಿ ಹಲವರು ಅದರಿಂದಲೇ ಶುರುಮಾಡುತ್ತೇವೆ.

ಕಣ್ಣು ಮುಚ್ಚಿದ ಕೂಡಲೇ ನಿದ್ದೆ.

ಅಗ್ರಶಿಷ್ಯ ಮೊಗ್ಗಲ್ಲಾನನೂ ತೂಕಡಿಸಿದವನೇ. ಬುದ್ಧ ಅವನಿಗೆ ಕೊಟ್ಟ ಸಲಹೆಗಳು: ಕಲಿತದ್ದನ್ನು ಮನಸ್ಸಿನಲ್ಲಿ ಮೆಲುಕು ಹಾಕು, ಬಾಯಿಬಿಟ್ಟು ಪಠಿಸು, ಎರಡೂ ಕಿವಿ ಎಳೆದು ಮೈ ಉಜ್ಜಿಕೋ, ಎದ್ದು ಕಣ್ಣಿಗೆ ನೀರು ಹಾಕಿಕೊಂಡು ನಕ್ಷತ್ರಗಳನ್ನು ನೋಡು, ಬೆಳಕನ್ನು ನೆನೆ, ಅತ್ತಿಂದಿತ್ತ ನಡೆ. ಅಷ್ಟಕ್ಕೂ ಹೋಗದಿದ್ದರೆ ಬಲಮಗ್ಗುಲಾಗಿ ಮಲಗಿ ನಿದ್ದೆ ಮಾಡು. ನಿದ್ದೆಗೆಟ್ಟವರಿಗೆ ಕೊನೆಯ ಸಲಹೆಯೇ ಮೊದಲು.

ಕಾಲು ಜೋಮು ಹಿಡಿಯುತ್ತೆ, ಮಂಡಿ ನೋಯುತ್ತೆ. ಅಲುಗಾಡದೆ ಸಹಿಸಿಕೊಳ್ಳಬೇಕಾ?

ಕುರ್ಚಿಯ ಮೇಲೆ ಕೂತರೂ ಧ್ಯಾನ ಧ್ಯಾನವೇ. ಮಂಡಿಗೆ ಪೆಟ್ಟು ಬಿದ್ದಿದ್ದರೆ, ಶಸ್ತ್ರಚಿಕಿತ್ಸೆ ಆಗಿದ್ದರೆ ಸಾಹಸ ಬೇಡ. ಸಾಮಾನ್ಯ ನೋವಾದರೆ ಕೂಡಲೇ ಕಾಲು ಬದಲಿಸುವ ಬದಲು ಸ್ವಲ್ಪ ಹೊತ್ತು ಅದರೊಳಗೆ ಇಣುಕಿ. ‘ಮಂಡಿ ನೋವು’ ಎಂದು ಒಂದೇ ಮುದ್ದೆಯಾಗಿ ಕಂಡದ್ದು ಬಿಚ್ಚಿಕೊಳ್ಳುತ್ತದೆ: ಚಿಪ್ಪಿನ ಪಕ್ಕ ಒಂದು ಬಿಸಿ ಚುಕ್ಕೆ, ಅದರ ಸುತ್ತ ಸೆಳೆತ, ನಡುನಡುವೆ ಮಿಡಿತ. ಮಿಡಿತ ನಿಂತ ಕ್ಷಣವೂ ಇದೆ, ಅದನ್ನು ನಾವು ಎಣಿಸಿರಲಿಲ್ಲ. ಇದರ ಪಕ್ಕದಲ್ಲೇ ಇನ್ನೊಂದಿದೆ, ‘ಗಂಟೆ ಯಾವಾಗ ಹೊಡೆಯುತ್ತೆ’ ಎಂಬುದು. ಅದು ಮಂಡಿಯಲ್ಲಿಲ್ಲ. ಎರಡನ್ನೂ ಬೇರೆಬೇರೆಯಾಗಿ ಒಮ್ಮೆ ಕಂಡರೆ ಎರಡನೆಯ ಬಾಣದ ಮಾತನ್ನು ಪುಸ್ತಕದಲ್ಲಿ ಓದಬೇಕಿಲ್ಲ. ಕಂಡ ಮೇಲೆ ಕಾಲು ಬದಲಿಸಿ, ಬದಲಿಸುವುದನ್ನೂ ಗಮನಿಸುತ್ತಾ.

ಖಿನ್ನತೆ, ಆತಂಕ ಇರುವವರು ಇದನ್ನು ಮಾಡಬಹುದಾ?

ವೈದ್ಯರನ್ನು ಕೇಳಿ ಮಾಡಿ. ಧ್ಯಾನ ಶುರುವಾಯಿತೆಂದು ಮಾತ್ರೆ ನಿಲ್ಲಿಸಬೇಡಿ. ಖಿನ್ನತೆ ಮರುಕಳಿಸುವುದನ್ನು ತಡೆಯಲು ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದ, ಎಚ್ಚರವನ್ನು ಆಧರಿಸಿದ ಚಿಕಿತ್ಸಾ ಕ್ರಮ ಇದೆ. ಅದನ್ನು ತರಬೇತಾದವರು ನಡೆಸುತ್ತಾರೆ. ತೀವ್ರ ಆಘಾತ ಅನುಭವಿಸಿದವರಿಗೆ ಕಣ್ಣು ಮುಚ್ಚಿ ಗಂಟೆಗಟ್ಟಲೆ ಕೂರುವುದು ಹಳೆಯದನ್ನೆಲ್ಲ ಒಮ್ಮೆಗೇ ಎಬ್ಬಿಸಬಹುದು. ಕಣ್ಣು ತೆರೆದು, ನಡೆಯುತ್ತಾ, ಸ್ವಲ್ಪ ಹೊತ್ತು ಮಾಡುವುದು ಅವರಿಗೆ ಹೆಚ್ಚು ಸುರಕ್ಷಿತ.

ಒಂದು ಅಭ್ಯಾಸ ಎಲ್ಲರಿಗೂ ಒಗ್ಗುವುದಿಲ್ಲ ಎಂಬುದಕ್ಕೆ ಸುತ್ತಗಳಲ್ಲೇ ಒಂದು ಕಠೋರ ಪ್ರಸಂಗವಿದೆ. ವೈಶಾಲಿಯಲ್ಲಿ ದೇಹದ ಅಶುಭವನ್ನು, ಅಂದರೆ ಅದರ ಕೊಳಕನ್ನು, ಧ್ಯಾನಿಸುತ್ತಿದ್ದ ಭಿಕ್ಷುಗಳಲ್ಲಿ ಹಲವರು ದೇಹದ ಮೇಲೆ ಹೇಸಿಗೆ ಹುಟ್ಟಿ ಜೀವವನ್ನೇ ತೆಗೆದುಕೊಂಡರು. ಏಕಾಂತದಿಂದ ಮರಳಿದ ಬುದ್ಧ ಸಂಘ ಯಾಕೆ ಸಣ್ಣದಾಗಿದೆ ಎಂದು ಕೇಳಿದ. ವಿಷಯ ತಿಳಿದ ಮೇಲೆ ಉಳಿದವರನ್ನು ಸೇರಿಸಿ ಉಸಿರಿನ ಧ್ಯಾನವನ್ನು ಕಲಿಸಿದ. ಅಭ್ಯಾಸದಿಂದ ಮನಸ್ಸು ಕುಸಿಯುತ್ತಿದೆ ಅನ್ನಿಸಿದರೆ ನಿಲ್ಲಿಸಿ, ಯಾರಿಗಾದರೂ ಹೇಳಿ. ಅದನ್ನು ‘ಶುದ್ಧಿಯಾಗುತ್ತಿದೆ’ ಎಂದು ಸಮರ್ಥಿಸಿಕೊಳ್ಳುವ ಗುರುಗಳಿಂದ ದೂರವಿರಿ.

ಹತ್ತು ದಿನದ ಶಿಬಿರಕ್ಕೆ ಹೋಗಲೇಬೇಕಾ?

ಹೋಗಲೇಬೇಕೆಂದಿಲ್ಲ. ಬರ್ಮಾದ ಊ ಬಾ ಖಿನ್ ಅವರಲ್ಲಿ ಕಲಿತ ಎಸ್.ಎನ್. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಕಲಿಸಲು ತೊಡಗಿದ ವಿಪಶ್ಯನ ಶಿಬಿರಗಳು ಈಗ ಜಗತ್ತಿನ ಹಲವೆಡೆ ನಡೆಯುತ್ತವೆ. ಶುಲ್ಕವಿಲ್ಲ, ಹಿಂದೆ ಕಲಿತವರ ದಾನದಿಂದ ನಡೆಯುತ್ತವೆ. ಮೊದಲ ಮೂರು ದಿನ ಉಸಿರು, ಆಮೇಲೆ ಮೈಯ ಸಂವೇದನೆಗಳು, ಜೊತೆಗೆ ಮೌನ. ಕಟ್ಟುನಿಟ್ಟು ಜಾಸ್ತಿ. ಒಮ್ಮೆಗೇ ಅಲ್ಲಿ ಧುಮುಕುವ ಮೊದಲು ಮನೆಯಲ್ಲಿ ಕೆಲವು ವಾರ ದಿನಕ್ಕೆ ಇಪ್ಪತ್ತು ನಿಮಿಷ ಕೂತು ನೋಡುವುದು ಜಾಣತನ.

ದೇವರು, ಪುನರ್ಜನ್ಮ ಎಲ್ಲ ನಂಬಬೇಕಾ?

ಕೇಸಪುತ್ತದ ಕಾಲಾಮರು, ಬಂದುಹೋಗುವ ಪ್ರತಿ ಗುರುವೂ ತನ್ನದೇ ಸರಿ ಅನ್ನುತ್ತಾನೆ, ಯಾರನ್ನು ನಂಬೋಣ ಎಂದು ಕೇಳಿದರು. ಪರಂಪರೆ, ಶಾಸ್ತ್ರ, ತರ್ಕ, ‘ಇವರು ನಮ್ಮ ಗುರು’ ಎಂಬ ಗೌರವ ಇವಷ್ಟರಿಂದಲೇ ಒಪ್ಪಬೇಡಿ. ಯಾವುದು ಕೇಡಿಗೆ, ಯಾವುದು ಹಿತಕ್ಕೆ ಒಯ್ಯುತ್ತದೆ ಎಂದು ನೀವೇ ಕಂಡಾಗ ಬಿಡಿ ಅಥವಾ ಹಿಡಿಯಿರಿ ಎಂದ ಬುದ್ಧ. ಮನಸ್ಸಿಗೆ ಬಂದದ್ದನ್ನು ಮಾಡಲು ಇದು ಪರವಾನಗಿ ಅಲ್ಲ, ಜ್ಞಾನಿಗಳು ಏನನ್ನು ಮೆಚ್ಚುತ್ತಾರೆ, ಏನನ್ನು ತೆಗಳುತ್ತಾರೆ ಎಂಬುದನ್ನೂ ನೋಡಲು ಅಲ್ಲೇ ಹೇಳಿದ್ದಾನೆ. ಅದೇ ಮಾತುಕತೆಯ ಕೊನೆಗೆ ಬರುವ ಭರವಸೆ ಇದು: ಪರಲೋಕ ಇದ್ದರೆ ಒಳ್ಳೆಯ ಮನಸ್ಸಿನವನಿಗೆ ಅಲ್ಲೂ ಒಳ್ಳೆಯದು, ಇಲ್ಲದಿದ್ದರೂ ಇಲ್ಲೇ, ಈ ಬದುಕಿನಲ್ಲೇ ವೈರವಿಲ್ಲದೆ ನೆಮ್ಮದಿಯಾಗಿದ್ದಾನೆ. ಸುತ್ತಗಳಲ್ಲಿ ಪುನರ್ಜನ್ಮದ ಮಾತು ಧಾರಾಳವಾಗಿದೆ, ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಸೃಷ್ಟಿಕರ್ತನ ಮೇಲೆ ಮಾತ್ರ ಈ ಮಾರ್ಗ ನಿಂತಿಲ್ಲ.

ಆತ್ಮ ಇಲ್ಲ ಅನ್ನೋದಾದರೆ ಬಿಡುಗಡೆ ಆಗೋದು ಯಾರಿಗೆ?

ಪಂಡಿತರು ಎರಡು ಸಾವಿರ ವರ್ಷ ಜಗಳಾಡಿದ ಪ್ರಶ್ನೆಗೆ ಇಲ್ಲಿ ತೀರ್ಪು ಕೊಡಲು ಹೋಗುವುದಿಲ್ಲ. ಬುದ್ಧನ ಎರಡನೆಯ ಉಪದೇಶದ ವಾದ ಮಾತ್ರ ಬಹಳ ನೆಲದ ಮೇಲಿನದು. ಈ ದೇಹ ನಿಜಕ್ಕೂ ‘ನನ್ನದು’ ಆಗಿದ್ದರೆ ‘ಹೀಗಿರಲಿ, ಹೀಗಾಗದಿರಲಿ’ ಎಂದು ಅಪ್ಪಣೆ ಮಾಡಲು ಆಗಬೇಕಿತ್ತು, ಆಗುವುದಿಲ್ಲ. ವೇದನೆಯೂ ಅಷ್ಟೇ, ಯೋಚನೆಯೂ ಅಷ್ಟೇ. ಕೂತು ಐದು ನಿಮಿಷ ‘ಮುಂದಿನ ಯೋಚನೆ ಯಾವುದಿರಬೇಕು’ ಎಂದು ಮೊದಲೇ ನಿರ್ಧರಿಸಲು ಹೋಗಿ, ಈ ವಾದದ ಬಲ ತಿಳಿಯುತ್ತದೆ. ಕೋಪ ಬಂದಾಗ ‘ನಾನು ಕೋಪಗೊಂಡೆ’ ಎನ್ನುವುದಕ್ಕೂ ‘ಕೋಪ ಎದ್ದಿದೆ’ ಎನ್ನುವುದಕ್ಕೂ ಎಷ್ಟು ಅಂತರವಿದೆಯೋ ಅಷ್ಟು ಬಿಡುಗಡೆ ಆಗಲೇ ಸಿಕ್ಕಿದೆ.

ನಿರ್ವಾಣ ಅಂದರೆ ಸತ್ತ ಮೇಲೆ ಸಿಗೋದಾ?

ಜಂಬುಖಾದಕ ಎಂಬ ಪರಿವ್ರಾಜಕ ಬುದ್ಧನ ಇನ್ನೊಬ್ಬ ಅಗ್ರಶಿಷ್ಯ ಸಾರಿಪುತ್ತನನ್ನು ನೇರವಾಗಿ ಕೇಳಿದ. ಉತ್ತರವೂ ನೇರವಾಗಿತ್ತು: ರಾಗದ ಕ್ಷಯ, ದ್ವೇಷದ ಕ್ಷಯ, ಮೋಹದ ಕ್ಷಯ, ಇದೇ ನಿರ್ವಾಣ. ಬುದ್ಧ ಬೋಧಿಯ ನಂತರ ನಲವತ್ತೈದು ವರ್ಷ ಊರೂರು ಅಲೆದು ಕಲಿಸಿದ ಎಂದು ಪರಂಪರೆ ಹೇಳುತ್ತದೆ. ಸಾವಿಗಾಗಿ ಕಾಯಬೇಕಾದ ವಿಷಯವಾಗಿದ್ದರೆ ಆ ನಲವತ್ತೈದು ವರ್ಷಕ್ಕೆ ಅರ್ಥ ಸಿಗುವುದಿಲ್ಲ.

ಎಲ್ಲದಕ್ಕೂ ಉಪೇಕ್ಷೆ (ಸಮಚಿತ್ತ) ಅಂದರೆ ಕಲ್ಲಾಗಿಬಿಡೋದಲ್ವಾ? ಪ್ರೀತಿಪಾತ್ರರು ತೀರಿಕೊಂಡರೂ ಅಳಬಾರದಾ?

ಸಾರಿಪುತ್ತ, ಮೊಗ್ಗಲ್ಲಾನ ಇಬ್ಬರೂ ತೀರಿಕೊಂಡ ಮೇಲೆ, ಗಂಗೆಯ ದಡದ ಉಕ್ಕಚೇಲದಲ್ಲಿ ಬುದ್ಧ ಭಿಕ್ಷುಗಳ ಸಭೆಯನ್ನು ಸುತ್ತ ನೋಡಿ, ಅವರಿಬ್ಬರಿಲ್ಲದೆ ಈ ಪರಿಷತ್ತು ನನಗೆ ಬರಿದಾಗಿ ಕಾಣುತ್ತಿದೆ ಎಂದ. ಕಲ್ಲು ಹೀಗೆ ಮಾತಾಡುವುದಿಲ್ಲ. ಮುಂದಿನ ಮಾತಿನಲ್ಲೇ ಅವನು ಹೇಳುತ್ತಾನೆ: ಆದರೂ ತಥಾಗತನಿಗೆ ಶೋಕವಿಲ್ಲ, ಹುಟ್ಟಿದ್ದು ಅಳಿಯದಿರಲಿ ಎನ್ನುವುದು ಸಾಧ್ಯವೇ? ಬರಿದಾದದ್ದು ಕಾಣುವುದೂ ಗೋಳಾಡದಿರುವುದೂ ಒಬ್ಬನೊಳಗೇ ಇರಬಲ್ಲವು.

ನಮ್ಮಂಥವರಿಗೆ ಅಳು ಬಂದರೆ ಅಳುವುದೇ. ಅಳುವನ್ನು ತಡೆಯುವುದು ಅಭ್ಯಾಸದ ಗುರುತಲ್ಲ. ಉಪೇಕ್ಷೆಯನ್ನು ಮೈತ್ರಿ, ಕರುಣೆ, ಮುದಿತೆ (ಇನ್ನೊಬ್ಬರ ಸುಖಕ್ಕೆ ಹಿಗ್ಗುವುದು) ಇವುಗಳ ಜೊತೆ ನಾಲ್ಕನೆಯದಾಗಿ ಎಣಿಸುತ್ತಾರೆ. ಮೊದಲ ಮೂರು ಇಲ್ಲದೆ ನಾಲ್ಕನೆಯದನ್ನು ತೋರಿಸುವವರಲ್ಲಿ ಕಾಣುವುದು ಬಹುಮಟ್ಟಿಗೆ ಅಸಡ್ಡೆ.

ಊಟ, ಕೆಲಸದ ನಡುವೆ ಇದನ್ನು ಹೇಗೆ ತರೋದು?

ಕೋಸಲದ ರಾಜ ಪಸೇನದಿ ಹೊಟ್ಟೆ ಬಿರಿಯುವಷ್ಟು ಉಂಡು ಏದುಸಿರು ಬಿಡುತ್ತಾ ಬುದ್ಧನ ಬಳಿ ಬಂದು ಕೂತ. ಬುದ್ಧ ಒಂದು ಶ್ಲೋಕ ಹೇಳಿದ: ಸದಾ ಎಚ್ಚರವಿದ್ದು, ಸಿಕ್ಕ ಊಟದಲ್ಲಿ ಮಿತಿ ಬಲ್ಲವನ ವೇದನೆಗಳು ತೆಳುವಾಗುತ್ತವೆ, ಅವನು ನಿಧಾನವಾಗಿ ಮುಪ್ಪಾಗುತ್ತಾನೆ. ರಾಜ ಸುದರ್ಶನ ಎಂಬ ಹುಡುಗನಿಗೆ ಆ ಶ್ಲೋಕ ಕಲಿಯಲು ಹೇಳಿ, ಊಟದ ಹೊತ್ತಿಗೆ ಪಠಿಸಲು ದಿನಕ್ಕೆ ನೂರು ನಾಣ್ಯ ಗೊತ್ತುಮಾಡಿದ. ಬರುಬರುತ್ತಾ ಊಟ ತಗ್ಗಿತು, ಮೈ ಹಗುರಾಯಿತು. ತಾನು ಮರೆಯುತ್ತೇನೆ ಎಂದು ಒಪ್ಪಿಕೊಂಡು ನೆನಪಿಸುವವರನ್ನು ಇಟ್ಟುಕೊಂಡ ಆ ರಾಜನ ಉಪಾಯ ನನಗೆ ಇಷ್ಟ. ಬಾಗಿಲಿನ ಹಿಡಿ, ಮೊದಲ ತುತ್ತು, ಫೋನಿನ ಗಂಟೆ, ಯಾವುದಾದರೂ ಒಂದನ್ನು ನಿಮ್ಮ ಸುದರ್ಶನನನ್ನಾಗಿ ಮಾಡಿಕೊಳ್ಳಿ. ಒಂದೇ ಸಾಕು. ಇಡೀ ದಿನ ಎಚ್ಚರವಾಗಿರುತ್ತೇನೆ ಎಂದು ಸಂಕಲ್ಪ ಮಾಡಿದವರು ಮಧ್ಯಾಹ್ನಕ್ಕೇ ಕೈಬಿಡುತ್ತಾರೆ.

ಸಂಸಾರದಲ್ಲಿದ್ದವರಿಗೆ ಎಷ್ಟರಮಟ್ಟಿಗೆ ಸಾಧ್ಯ?

ಮಚ್ಛಿಕಾಸಂಡದ ಗೃಹಸ್ಥ ಚಿತ್ತ ಭಿಕ್ಷುಗಳಿಗೇ ಧಮ್ಮದ ಸೂಕ್ಷ್ಮ ಬಿಡಿಸಿ ಹೇಳುತ್ತಿದ್ದ, ಅವನ ಹೆಸರಿನಲ್ಲಿ ಸುತ್ತಗಳ ಒಂದು ಗುಚ್ಛವೇ ಇದೆ. ಆದರೆ ಗೃಹಸ್ಥರಿಗೆ ದಾನ-ಶೀಲದ ಮಾತು ಸಾಕು, ಆಳದ್ದು ಬೇಡ ಎಂಬ ಧೋರಣೆ ಆಗಲೂ ಇತ್ತು. ಸಂಘಕ್ಕೆ ಜೇತವನ ವಿಹಾರವನ್ನು ಕೊಟ್ಟ ಗೃಹಸ್ಥ ಅನಾಥಪಿಂಡಿಕ ಸಾವಿನ ಹಾಸಿಗೆಯಲ್ಲಿದ್ದಾಗ ಸಾರಿಪುತ್ತ ಬಂದು, ಕಣ್ಣನ್ನು ಹಿಡಿಯಬೇಡ, ರೂಪವನ್ನು ಹಿಡಿಯಬೇಡ, ವೇದನೆಯನ್ನು ಹಿಡಿಯಬೇಡ ಎಂದು ಒಂದೊಂದಾಗಿ ಹೇಳಿದ. ಅನಾಥಪಿಂಡಿಕ ಅತ್ತ. ಇಷ್ಟು ಕಾಲ ಗುರುಗಳ ಸೇವೆ ಮಾಡಿದೆ, ಇಂಥ ಮಾತು ಕೇಳಿರಲೇ ಇಲ್ಲ ಎಂದ. ಬಿಳಿ ಬಟ್ಟೆಯ ಗೃಹಸ್ಥರಿಗೆ ಇದನ್ನು ಹೇಳುವ ರೂಢಿಯಿಲ್ಲ ಎಂದಾಗ, ಹೇಳಿ, ಕಣ್ಣಲ್ಲಿ ಧೂಳು ಕಡಿಮೆಯಿರುವವರು ಅವರಲ್ಲೂ ಇದ್ದಾರೆ ಎಂದು ಬೇಡಿಕೊಂಡ.

ಎಷ್ಟು ದಿನ ಹಿಡಿಯುತ್ತೆ?

ಸತಿಪಟ್ಠಾನ ಸುತ್ತದ ಕೊನೆಯಲ್ಲಿ ಏಳು ವರ್ಷದಿಂದ ಶುರುವಾಗಿ ಆರು, ಐದು ಎಂದು ಇಳಿಯುತ್ತಾ, ತಿಂಗಳಿಗೆ ಬಂದು, ಕೊನೆಗೆ ಏಳು ದಿನಕ್ಕೆ ನಿಲ್ಲುತ್ತದೆ. ಚೌಕಾಸಿಯ ಹಾಗೆ ಕೇಳಿಸುತ್ತದೆ. ಅದು ಪೂರ್ಣ ಬಿಡುಗಡೆಯ ಮಾತು. ಸಿಟ್ಟು ಬಂದು ಹೋಗುವ ಅವಧಿ ತುಸು ಕಡಿಮೆಯಾಗಿದೆಯಾ ಎಂಬುದು ಮಾತ್ರ ಮನೆಯವರಿಗೆ ನಿಮಗಿಂತ ಮೊದಲೇ ಗೊತ್ತಾಗುತ್ತದೆ, ಅವರನ್ನು ಕೇಳಿ.

ಮಕ್ಕಳಿಗೆ ಕಲಿಸಬಹುದಾ?

ಬುದ್ಧನ ಮಗ ರಾಹುಲನೇ ಇದಕ್ಕೆ ಉದಾಹರಣೆ. ಅವನು ಇನ್ನೂ ಚಿಕ್ಕವನಿದ್ದಾಗ ಬುದ್ಧ ಅವನ ಮುಂದೆ ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ, ಬೇಕೆಂದೇ ಸುಳ್ಳು ಹೇಳಿ ನಾಚದವರ ಸಾಧನೆ ಇಷ್ಟೇ ಎಂದು ತೋರಿಸಿದ. ಆಮೇಲೆ ಆ ನೀರು ಚೆಲ್ಲಿದ, ಪಾತ್ರೆ ಬೋರಲು ಹಾಕಿದ. ನಂತರ, ಕನ್ನಡಿ ಇರುವುದು ಯಾಕೆ ಎಂದು ಕೇಳಿದ. ‘ನೋಡಿಕೊಳ್ಳಲು’ ಎಂದ ಹುಡುಗ. ಹಾಗೇ ಪ್ರತಿ ಕೆಲಸ, ಮಾತು, ಯೋಚನೆಯನ್ನು ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ ನೋಡಿಕೋ, ಇದರಿಂದ ನನಗೋ ಇನ್ನೊಬ್ಬರಿಗೋ ನೋವಾಗುತ್ತದೆಯೇ ಎಂದು. ಉಸಿರಿನ ಧ್ಯಾನ ರಾಹುಲನಿಗೆ ಕಲಿಸಿದ ಸುತ್ತ ಬೇರೆಯೇ ಇದೆ. ಚಿಕ್ಕ ಮಕ್ಕಳನ್ನು ಕಣ್ಣು ಮುಚ್ಚಿಸಿ ಅರ್ಧ ಗಂಟೆ ಕೂರಿಸುವುದಕ್ಕಿಂತ, ತಮ್ಮನ ಕೈಯಿಂದ ಆಟಿಕೆ ಕಿತ್ತುಕೊಂಡ ಮೇಲೆ ‘ಈಗ ಹೊಟ್ಟೆಯಲ್ಲಿ ಏನನ್ನಿಸ್ತಿದೆ?’ ಎಂದು ಗದರದೆ ಕೇಳಿ. ಉತ್ತರ ಹೇಳಲು ಅವರಿಗೆ ಸಮಯ ಕೊಡಿ.